ಅಡಿಗೆಮನೆಯ ಹೊಗೆ, ಗದ್ದೆಯ ಗಾಳಿ



ಈ ಹೊತ್ತು ನಾನು ಹೇಳಹೊರಟಿರುವುದು ಬಿತ್ತನೆಯ ವಿಷಯವಲ್ಲ, ಗೊಬ್ಬರದ ವಿಷಯವೂ ಅಲ್ಲ. ನಿಮ್ಮ ಅಡಿಗೆಮನೆಯ ಸೂರನ್ನು ಒಮ್ಮೆ ತಲೆಯೆತ್ತಿ ನೋಡಿ. ಸೌದೆ ಒಲೆ ಉರಿಯುವ ಮನೆಯಾದರೆ ಜಂತಿಗೂ ಹೆಂಚಿಗೂ ಕರ್ರಗೆ ಇಲ್ಲಣ ಜೋತುಬಿದ್ದಿರುತ್ತದೆ. ಹಬ್ಬ ಬಂತೆಂದರೆ ಗಳುವಿಗೆ ಪೊರಕೆ ಕಟ್ಟಿ ಅದನ್ನು ಕೆಡವುತ್ತೇವೆ, ಗೋಡೆಗೆ ಸುಣ್ಣ ಬಳಿಯುತ್ತೇವೆ. ಮುಂದಿನ ಹಬ್ಬದ ಹೊತ್ತಿಗೆ ಅದು ಮತ್ತೆ ಅಲ್ಲೇ ಇರುತ್ತದೆ. ಜಂತಿಗೆ ಅಂಟಿದ್ದನ್ನಾದರೆ ಪೊರಕೆಯಿಂದ ತೆಗೆಯಬಹುದು. ದಿನಾ ಎರಡು ಹೊತ್ತು ಒಲೆ ಊದುವ ತಾಯಿಯ ಎದೆಯೊಳಗೆ ಅಂಟಿದ್ದನ್ನು ತೆಗೆಯುವುದು ಹೇಗೆ?

ಆ ಹೊಗೆ ಹೆಂಚಿನ ಸಂದಿಯಿಂದ ಹೊರಗೆ ಹೋಗಿ ಏನು ಮಾಡುತ್ತದೆ, ನೀರು ನಿಂತ ಭತ್ತದ ಗದ್ದೆಯಲ್ಲಿ ಕಾಲಿಟ್ಟರೆ ಗುಳುಗುಳು ಅಂತ ಏಳುವ ಗುಳ್ಳೆಯಲ್ಲಿ ಏನಿದೆ, ಇವೆರಡನ್ನೂ ಕಡಮೆ ಮಾಡಲು ಸರ್ಕಾರದವರು ಏನೇನು ಮಾಡಿದರು, ಅದರಲ್ಲಿ ಯಾವುದು ಕೈಗೂಡಿತು, ಯಾವುದು ಕೈಗೂಡಲಿಲ್ಲ, ನಮ್ಮ ಮನೆಯಲ್ಲಿ ನಾವು ಮಾಡತಕ್ಕ ಕೆಲಸವೇನು, ಇಷ್ಟನ್ನು ತಿಳಿಸುವುದೇ ಈ ಮಾತಿನ ಉದ್ದೇಶ.

ಅಲ್ಪಾಯುಷಿ ಮಾಲಿನ್ಯಗಳು

ಭೂಮಿಯ ಕಾವು ಏರುತ್ತಿದೆ ಎಂಬ ಮಾತನ್ನು ನೀವೆಲ್ಲ ಕೇಳಿದ್ದೀರಿ. ಮಳೆ ಹೊತ್ತಿಗೆ ಸರಿಯಾಗಿ ಬಾರದಿರುವುದನ್ನೂ, ಬಂದರೆ ಒಂದೇ ದಿನ ಸುರಿದು ಬದು ಕೊಚ್ಚಿಕೊಂಡು ಹೋಗುವುದನ್ನೂ ಕಣ್ಣಾರೆ ಕಂಡಿದ್ದೀರಿ. ಇದಕ್ಕೆ ದೊಡ್ಡ ಕಾರಣ ಇಂಗಾಲದ ಡೈ ಆಕ್ಸೈಡ್ ಎಂಬ ಗಾಳಿ. ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಉರಿಸಿದಾಗ ಅದು ಹುಟ್ಟಿ ಮೇಲೆ ಹೋಗಿ, ಭೂಮಿಗೆ ಕಂಬಳಿ ಹೊದಿಸಿದ ಹಾಗೆ ಕಾವನ್ನು ಹಿಡಿದಿಡುತ್ತದೆ. ಅದರ ಆಯುಷ್ಯ ಬಹಳ ದೊಡ್ಡದು. ನಮ್ಮ ಮುತ್ತಜ್ಜನ ಕಾಲದ ಉಗಿಬಂಡಿ ಉಗುಳಿದ ಗಾಳಿಯಲ್ಲಿ ಒಂದಿಷ್ಟು ಈಗಲೂ ಮೇಲೇ ಇದೆ.

ಆದರೆ ಕಾವು ಏರಿಸುವ ಎಲ್ಲ ವಸ್ತುಗಳ ಆಯುಷ್ಯವೂ ಅಷ್ಟು ದೊಡ್ಡದಲ್ಲ. ನಾಲ್ಕು ವಸ್ತುಗಳು ಅಲ್ಪಾಯುಷಿಗಳು. ಒಂದನೆಯದು ಮಸಿ. ಸೌದೆ, ಬೆರಣಿ, ಹುಲ್ಲು, ಡೀಸೆಲ್ ಇವು ಸರಿಯಾಗಿ ಉರಿಯದೆ ಹೊಗೆಯಾಡಿದಾಗ ಏಳುವ ಕರಿಯ ಕಣ ಇದು. ಗಾಳಿಯಲ್ಲಿ ಕೆಲವು ದಿನ, ಹೆಚ್ಚೆಂದರೆ ಒಂದೆರಡು ವಾರ ಇರುತ್ತದೆ. ಎರಡನೆಯದು ಮೀಥೇನ್. ನೀರು ನಿಂತ ಗದ್ದೆಯಿಂದ, ದನಗಳ ಹೊಟ್ಟೆಯಿಂದ, ಕೊಳೆಯುವ ತಿಪ್ಪೆಯಿಂದ, ಪಟ್ಟಣದ ಕಸದ ಗುಡ್ಡೆಯಿಂದ, ಕಲ್ಲಿದ್ದಲು ಗಣಿಯಿಂದ ಬರುತ್ತದೆ. ಸುಮಾರು ೧೨ ವರ್ಷ ಇದ್ದು ಕರಗಿಹೋಗುತ್ತದೆ. ಮೂರನೆಯದು ನೆಲಮಟ್ಟದ ಓಝೋನ್. ಇದನ್ನು ಯಾರೂ ನೇರವಾಗಿ ಬಿಡುವುದಿಲ್ಲ. ಮೀಥೇನ್ ಮತ್ತು ವಾಹನಗಳ ಹೊಗೆ ಬಿಸಿಲಿನಲ್ಲಿ ಬೆರೆತು ಹುಟ್ಟುತ್ತದೆ. ಮುಗಿಲಿಗಿಂತ ಬಹಳ ಮೇಲಿರುವ ಓಝೋನ್ ನಮ್ಮನ್ನು ಸುಡುಗಿರಣದಿಂದ ಕಾಪಾಡುತ್ತದೆ. ನೆಲದ ಹತ್ತಿರ ಇರುವುದು ಎಲೆಯ ಸಣ್ಣ ರಂಧ್ರಗಳಿಂದ ಒಳಹೊಕ್ಕು ಗೋಧಿ, ಸೋಯಾ ಅವರೆ, ಭತ್ತದಂಥ ಬೆಳೆಯ ಇಳುವರಿ ತಗ್ಗಿಸುತ್ತದೆ. ನಾಲ್ಕನೆಯದು ತಂಪುಪೆಟ್ಟಿಗೆ, ಹವಾನಿಯಂತ್ರಣ ಯಂತ್ರಗಳಲ್ಲಿ ತುಂಬುವ ಕೆಲವು ಅನಿಲಗಳು.

ಅಲ್ಪಾಯುಷಿ ಎಂದ ಮಾತ್ರಕ್ಕೆ ಅಲ್ಪ ಎಂದು ತಿಳಿಯಬೇಡಿ. ಇಪ್ಪತ್ತು ವರ್ಷದ ಲೆಕ್ಕ ತೆಗೆದುಕೊಂಡರೆ ಒಂದು ಕಿಲೊ ಮೀಥೇನ್, ಒಂದು ಕಿಲೊ ಇಂಗಾಲದ ಡೈ ಆಕ್ಸೈಡಿಗಿಂತ ಸುಮಾರು ೮೦ ಪಟ್ಟು ಹೆಚ್ಚು ಕಾವು ಏರಿಸುತ್ತದೆ.

ಇದನ್ನು ಸಾಲದ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಇಂಗಾಲದ ಡೈ ಆಕ್ಸೈಡ್ ಎಂಬುದು ಹಿರಿಯರು ಮಾಡಿಟ್ಟ ಅಡಮಾನದ ಸಾಲ. ಇವತ್ತು ಹೊಸದಾಗಿ ಮಾಡುವುದನ್ನು ನಿಲ್ಲಿಸಿದರೂ ಹಳೆಯದು ಮಕ್ಕಳು ಮೊಮ್ಮಕ್ಕಳ ಕಾಲದವರೆಗೂ ಬರುತ್ತದೆ. ಮಸಿ, ಮೀಥೇನ್ ಎಂಬುವು ಕೈಸಾಲ. ಬಡ್ಡಿ ಭಾರಿ. ಆದರೆ ಹೊಸದಾಗಿ ತರುವುದನ್ನು ನಿಲ್ಲಿಸಿದರೆ ಕೆಲವೇ ವರ್ಷದಲ್ಲಿ ತೀರಿಹೋಗುತ್ತದೆ. ತೀರಿದ್ದನ್ನು ನಾವೇ ಬದುಕಿದ್ದು ನೋಡಬಹುದು. ಹಾಗೆಂದು ದೊಡ್ಡ ಸಾಲವನ್ನು ಮರೆಯಬಹುದೆಂದಲ್ಲ. ಎರಡನ್ನೂ ತೀರಿಸಲೇಬೇಕು. ಆದರೆ ಈ ಕೈಸಾಲ ತೀರಿಸುವುದರಲ್ಲಿ ರೈತನ ಮನೆಗೆ ಬೇರೆ ಲಾಭಗಳೂ ಇವೆ. ಅವನ್ನು ಮುಂದೆ ಹೇಳುತ್ತೇನೆ.

ದೇಶದೇಶಗಳು ಕೂಡಿ ಮಾಡಿದ್ದು

೨೦೧೨ರ ಫೆಬ್ರವರಿಯಲ್ಲಿ ಬಾಂಗ್ಲಾದೇಶ, ಕೆನಡಾ, ಘಾನಾ, ಮೆಕ್ಸಿಕೊ, ಸ್ವೀಡನ್, ಅಮೆರಿಕ ಈ ಆರು ದೇಶಗಳು ವಿಶ್ವಸಂಸ್ಥೆಯ ಪರಿಸರ ಶಾಖೆಯೊಂದಿಗೆ ಸೇರಿ, ಈ ಅಲ್ಪಾಯುಷಿ ಮಾಲಿನ್ಯಗಳನ್ನು ತಗ್ಗಿಸಲು ಒಂದು ಒಕ್ಕೂಟ ಕಟ್ಟಿದವು. ನಮ್ಮ ದೇಶ ೨೦೧೯ರಲ್ಲಿ ಅದನ್ನು ಸೇರಿತು. ತಂಪುಪೆಟ್ಟಿಗೆಯ ಅನಿಲಗಳ ಬಗ್ಗೆ ೨೦೧೬ರಲ್ಲಿ ರುವಾಂಡಾ ದೇಶದ ಕಿಗಾಲಿ ಪಟ್ಟಣದಲ್ಲಿ ಒಂದು ಒಪ್ಪಂದವಾಯಿತು. ಅದಕ್ಕೆ ನಮ್ಮ ಕೇಂದ್ರ ಮಂತ್ರಿಮಂಡಲ ೨೦೨೧ರ ಆಗಸ್ಟಿನಲ್ಲಿ ಒಪ್ಪಿಗೆ ಕೊಟ್ಟಿತು. ಅದರಂತೆ ೨೦೩೨ರಿಂದ ಹಂತಹಂತವಾಗಿ ಇಳಿಸುತ್ತ, ೨೦೪೭ರ ಹೊತ್ತಿಗೆ ಆ ಅನಿಲಗಳ ಬಳಕೆಯನ್ನು ನೂರಕ್ಕೆ ೮೫ರಷ್ಟು ಇಳಿಸಬೇಕು. ಡೀಸೆಲ್ ಮಸಿಗೆ ಕಡಿವಾಣ ಹಾಕಲು ೨೦೨೦ರ ಏಪ್ರಿಲ್ ೧ರಿಂದ ದೇಶದಲ್ಲೆಲ್ಲ ಹೊಸ ವಾಹನಗಳಿಗೆ ಭಾರತ್ ಸ್ಟೇಜ್ ಆರು ಎಂಬ ಬಿಗಿಯಾದ ನಿಯಮ ಬಂತು.

ಇನ್ನು ಮೀಥೇನ್ ವಿಷಯ. ೨೦೨೧ರ ನವೆಂಬರಿನಲ್ಲಿ ಗ್ಲಾಸ್ಗೋ ಪಟ್ಟಣದಲ್ಲಿ ಅನೇಕ ದೇಶಗಳು ಕೂಡಿ ೨೦೩೦ರೊಳಗೆ, ೨೦೨೦ರ ಮಟ್ಟಕ್ಕಿಂತ ನೂರಕ್ಕೆ ೩೦ರಷ್ಟು ಮೀಥೇನ್ ಇಳಿಸುತ್ತೇವೆಂದು ಪ್ರತಿಜ್ಞೆ ಮಾಡಿದವು. ನಮ್ಮ ದೇಶ ಅದಕ್ಕೆ ರುಜು ಹಾಕಲಿಲ್ಲ. ಸರ್ಕಾರ ಕೊಟ್ಟ ಕಾರಣ ನಮಗೆಲ್ಲ ತಿಳಿದಿರಬೇಕು. ನಮ್ಮ ದೇಶದಲ್ಲಿ ಮೀಥೇನ್ ಬರುವುದು ಬಹುಪಾಲು ದನಕರುಗಳಿಂದ ಮತ್ತು ಭತ್ತದ ಗದ್ದೆಗಳಿಂದ. ಅದು ಸಣ್ಣ ರೈತನ ಹೊಟ್ಟೆಪಾಡು, ಐಷಾರಾಮದ ಹೊಗೆಯಲ್ಲ ಎಂಬುದು ಆ ಕಾರಣ.

ಆದ್ದರಿಂದ ಹೆದರಬೇಡಿ. ಹಸು ಮಾರಿ, ಭತ್ತ ಬಿಡಿ ಎಂದು ಹೇಳಲು ನಾನು ಬಂದಿಲ್ಲ. ಎರಡು ದನ ಸಾಕಿದವನನ್ನು ಅಪರಾಧಿಯ ಹಾಗೆ ನಿಲ್ಲಿಸುವುದು ನ್ಯಾಯವೂ ಅಲ್ಲ. ಆದರೆ ಯಾವ ಕೆಲಸದಿಂದ ಮೀಥೇನೂ ಇಳಿದು ನಮ್ಮ ಖರ್ಚೂ ಇಳಿಯುತ್ತದೋ, ಮಸಿಯೂ ಇಳಿದು ಮನೆಯ ಹೆಂಗಸರ ಕೆಮ್ಮೂ ಇಳಿಯುತ್ತದೋ, ಅದನ್ನು ಪ್ರತಿಜ್ಞೆ ಇಲ್ಲವೆಂದು ಮಾಡದೆ ಬಿಟ್ಟರೆ ನಷ್ಟ ಯಾರದು? ನಮ್ಮದೇ.

ಒಲೆಯ ಕಥೆ

ಸರ್ಕಾರದ ಕೆಲಸ ಎಲ್ಲಿ ಗೆದ್ದಿತು, ಎಲ್ಲಿ ಸೋತಿತು ಎಂಬುದನ್ನು ಒಲೆಯ ಕಥೆ ಚೆನ್ನಾಗಿ ಹೇಳುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಅಂದರೆ ಟಾಟಾ ಇನ್‌ಸ್ಟಿಟ್ಯೂಟ್, ೧೯೭೪ರಲ್ಲಿ ಹಳ್ಳಿಗಳಿಗಾಗಿಯೇ ಅಸ್ತ್ರ ಎಂಬ ಒಂದು ಕೇಂದ್ರ ತೆರೆಯಿತು. ಅಲ್ಲಿಯ ವಿಜ್ಞಾನಿಗಳು ತುಮಕೂರು ಜಿಲ್ಲೆ ಕುಣಿಗಲ್ ತಾಲ್ಲೂಕಿನ ಉಂಗ್ರ ಎಂಬ ಊರಿನಲ್ಲಿ ಕೂತು ಕೆಲಸ ಮಾಡಿದರು. ಅವರು ರೂಪಿಸಿದ್ದೇ ಅಸ್ತ್ರ ಒಲೆ. ಒಂದೇ ಉರಿಯಲ್ಲಿ ಮೂರು ಪಾತ್ರೆ ಕಾಯುತ್ತದೆ. ಕೆಳಗೆ ಗಾಳಿಯಾಡಲು ಸರಳಿನ ಜಾಲರಿ, ಹಿಂದೆ ಹೊಗೆ ಹೋಗಲು ಕೊಳವೆ. ಸೌದೆ ಉಳಿಯುತ್ತದೆ, ಹೊಗೆ ಹೊರಗೆ ಹೋಗುತ್ತದೆ.

೧೯೮೦ರ ದಶಕದಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ರಾಷ್ಟ್ರೀಯ ಕಾರ್ಯಕ್ರಮವನ್ನೇ ಆರಂಭಿಸಿತು. ಹಲವು ಬಗೆಯ ಒಲೆಗಳು ದೇಶದಲ್ಲೆಲ್ಲ ಮೂರು ಕೋಟಿಗೂ ಮೇಲ್ಪಟ್ಟು ಹಂಚಿಕೆಯಾದವು. ೨೦೦೨ರಲ್ಲಿ ಆ ಕಾರ್ಯಕ್ರಮ ನಿಂತಿತು. ಅಷ್ಟು ಒಲೆ ಕಟ್ಟಿದರೂ ಹೊಗೆ ಏಕೆ ಹೋಗಲಿಲ್ಲ? ಒಲೆ ಕಟ್ಟಿದ್ದನ್ನು ಎಣಿಸಿದರು. ಉರಿಯುತ್ತಿದೆಯೇ ಎಂದು ಎಣಿಸಿದವರು ಕಡಮೆ.

ನಾನು ಹುಡುಗನಾಗಿದ್ದಾಗ ನಮ್ಮ ಮನೆಯಲ್ಲಿಯೂ ಕೊಳವೆ ಇರುವ ಒಲೆ ಬಂತು. ಮೊದಲ ವರ್ಷ ನಮ್ಮವ್ವ ಊರವರನ್ನೆಲ್ಲ ಕರೆದು ತೋರಿಸಿದಳು. ಎರಡನೆಯ ಮಳೆಗಾಲದಲ್ಲಿ ಮಾಡಿನ ಮೇಲಿನ ಕೊಳವೆ ಒಡೆಯಿತು. ಕಟ್ಟಿದವನು ಮತ್ತೆ ಆ ಕಡೆ ತಲೆಹಾಕಲಿಲ್ಲ. ಆ ಅಳತೆಯ ಕೊಳವೆ ನಮ್ಮ ಸಂತೆಯಲ್ಲಿ ಸಿಗಲಿಲ್ಲ. ಮಳೆ ಸೋರುತ್ತದೆಂದು ನಮ್ಮಪ್ಪ ಆ ತೂತಿಗೆ ಗೋಣಿ ತುರುಕಿ, ಮೇಲೆ ಒಂದು ಹೆಂಚು ಇಟ್ಟ. ಅಲ್ಲಿಗೆ ಹೊಗೆ ತಿರುಗಿ ಮನೆಗೇ ಬಂತು. ಸರ್ಕಾರದ ಪಟ್ಟಿಯಲ್ಲಿ ಮಾತ್ರ ನಮ್ಮ ಮನೆ ಬಹುಶಃ ಕೊನೆಯವರೆಗೂ ಹೊಗೆಯಿಲ್ಲದ ಮನೆಯಾಗಿಯೇ ಉಳಿದಿರಬೇಕು.

ಆಮೇಲೆ ಸಿಲಿಂಡರಿನ ಕಾಲ ಬಂತು. ೨೦೧೬ರ ಮೇ ೧ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಪ್ರಧಾನಮಂತ್ರಿ ಉಜ್ವಲ ಯೋಜನೆ ಆರಂಭವಾಯಿತು. ಬಡ ಕುಟುಂಬದ ಹೆಂಗಸಿನ ಹೆಸರಿಗೇ ಗ್ಯಾಸಿನ ಸಂಪರ್ಕ. ೨೦೧೯ರ ಸೆಪ್ಟೆಂಬರ್ ಹೊತ್ತಿಗೆ ೮ ಕೋಟಿ ಸಂಪರ್ಕವಾಯಿತು. ೨೦೨೧ರ ಆಗಸ್ಟಿನಲ್ಲಿ ಎರಡನೆಯ ಹಂತ ಶುರುವಾಗಿ, ೨೦೨೪ರ ಹೊತ್ತಿಗೆ ೧೦ ಕೋಟಿ ದಾಟಿತು. ಇದು ಸಣ್ಣ ಕೆಲಸವಲ್ಲ. ಒಪ್ಪಿಕೊಳ್ಳಬೇಕಾದ್ದೇ.

ಆದರೆ ಸರ್ಕಾರದ ಲೆಕ್ಕಪರಿಶೋಧಕರು ೨೦೧೯ರ ವರದಿಯಲ್ಲಿ ಇನ್ನೊಂದು ಸಂಗತಿ ಬರೆದರು. ಈ ಸಂಪರ್ಕ ಪಡೆದವರು ವರ್ಷಕ್ಕೆ ಸರಾಸರಿ ತುಂಬಿಸಿಕೊಳ್ಳುತ್ತಿದ್ದುದು ನಾಲ್ಕಕ್ಕಿಂತ ಕಡಮೆ ಸಿಲಿಂಡರು. ನಾಲ್ಕೈದು ಜನರ ಮನೆಗೆ ಅದು ವರ್ಷಪೂರ್ತಿ ಸಾಲುವುದಿಲ್ಲ. ಅಂದರೆ ಟೀ ಕಾಯಿಸಲು, ನೆಂಟರು ಬಂದಾಗ ಗ್ಯಾಸು. ಮುದ್ದೆಗೆ, ಸಾರಿಗೆ, ಸ್ನಾನದ ನೀರಿಗೆ ಅದೇ ಸೌದೆ. ಕಾರಣ ಏನೆಂದು ನಿಮಗೆ ನಾನು ಹೇಳಬೇಕಾಗಿಲ್ಲ. ಸಿಲಿಂಡರಿಗೆ ಒಂದೇ ಸಲ ಕೈಯಲ್ಲಿ ರೊಕ್ಕ ಬೇಕು, ಸೌದೆ ಪುಕ್ಕಟೆ.

ಸೌದೆ ನಿಜವಾಗಿ ಪುಕ್ಕಟೆಯೇ? ವಾರಕ್ಕೆ ಎಷ್ಟು ಹೊತ್ತು ಹೆಂಗಸರು ಸೌದೆಗೆ ಅಲೆಯುತ್ತಾರೆ, ಆ ಹೊತ್ತಿನ ಕೂಲಿ ಎಷ್ಟು, ಕೆಮ್ಮಿನ ಔಷಧಿಗೆ ಎಷ್ಟಾಯಿತು, ಒಮ್ಮೆ ಮನೆಮಂದಿ ಕೂತು ಲೆಕ್ಕ ಹಾಕಿ. ಮನೆಯೊಳಗಿನ ಹೊಗೆಯಿಂದ ೨೦೨೦ರಲ್ಲಿ ಪ್ರಪಂಚದಲ್ಲಿ ಸುಮಾರು ೩೨ ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಅವರಲ್ಲಿ ಎಳೆ ಮಕ್ಕಳೂ ಸೇರಿದ್ದಾರೆ. ತಾಯಿಯ ಸೊಂಟದಲ್ಲಿ ಕೂತು ಒಲೆಯ ಹೊಗೆ ಕುಡಿದ ಮಕ್ಕಳು ಅವರು.

ಗೋಬರ್ ಗ್ಯಾಸು

ದನ ಇರುವ ಮನೆಗೆ ಸಿಲಿಂಡರಿನ ಖರ್ಚು ಇಳಿಸುವ ಉಪಾಯ ಗೋಬರ್ ಗ್ಯಾಸು. ಇದು ಹೊಸದಲ್ಲ. ೧೯೫೧ರಲ್ಲಿ ಜಶಭಾಯಿ ಪಟೇಲ್ ಎಂಬುವರು ತೇಲುವ ಡ್ರಮ್ಮಿನ ಮಾದರಿ ರೂಪಿಸಿದರು. ೧೯೬೦ರ ದಶಕದಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಅದನ್ನು ಊರೂರಿಗೆ ಒಯ್ದಿತು. ೧೯೮೧-೮೨ರಲ್ಲಿ ರಾಷ್ಟ್ರೀಯ ಯೋಜನೆಯಾಯಿತು. ೧೯೮೪ರಲ್ಲಿ ನೆಲದೊಳಗೆ ಗುಮ್ಮಟ ಕಟ್ಟುವ, ಖರ್ಚು ಕಡಮೆಯ ದೀನಬಂಧು ಮಾದರಿ ಬಂತು. ೨೦೧೮ರಲ್ಲಿ ಗೋಬರ್‌ಧನ್ ಯೋಜನೆ ಆರಂಭವಾಯಿತು.

ಇದರ ಮರ್ಮ ಇಷ್ಟೆ. ಗಾಳಿ ಸೋಕದ ಕಡೆ ಸಗಣಿ ಕೊಳೆತರೆ ಮೀಥೇನ್ ಹುಟ್ಟುತ್ತದೆ. ತಗ್ಗಿನಲ್ಲಿ ನೀರು ತುಂಬಿ ಕೊಳೆಯುವ ತಿಪ್ಪೆಯಲ್ಲಿ ಹುಟ್ಟಿದರೆ ಅದು ಮೇಲೆ ಹೋಗಿ ಭೂಮಿಯ ಕಾವು ಏರಿಸುತ್ತದೆ. ಗುಮ್ಮಟದೊಳಗೆ ಹುಟ್ಟಿದರೆ ಕೊಳವೆಯಲ್ಲಿ ಬಂದು ನಿಮ್ಮ ಅನ್ನ ಬೇಯಿಸುತ್ತದೆ. ಉರಿದ ಮೇಲೆ ಮೀಥೇನ್ ಮೀಥೇನಾಗಿ ಉಳಿಯುವುದಿಲ್ಲ. ಒಲೆಯಲ್ಲಿ ಮಸಿ ಇಲ್ಲ, ಕಣ್ಣು ಉರಿಯುವುದಿಲ್ಲ. ಹೊರಬರುವ ಬಗ್ಗಡ ಒಳ್ಳೆಯ ಗೊಬ್ಬರ. ಬೆರಣಿ ತಟ್ಟಿ ಸುಟ್ಟರೆ ಗೊಬ್ಬರವೂ ಹೋಯಿತು, ಹೊಗೆಯೂ ಬಂತು. ಇಲ್ಲಿ ಎರಡೂ ಉಳಿಯುತ್ತವೆ.

ಆದರೆ ಇದಕ್ಕೆ ಲೆಕ್ಕ ಬೇಕು. ಎರಡು ಘನಮೀಟರಿನ ಒಂದು ಸ್ಥಾವರಕ್ಕೆ ದಿನಕ್ಕೆ ೫೦ ಕಿಲೊ ಸಗಣಿ, ಅಷ್ಟೇ ನೀರು ಬೇಕು. ಅಂದರೆ ಕೊಟ್ಟಿಗೆಯಲ್ಲಿ ನಾಲ್ಕೈದು ದೊಡ್ಡ ದನ ಇರಬೇಕು. ಒಂದೇ ಹಸು ಇರುವವನು ಸಹಾಯಧನ ಸಿಗುತ್ತದೆಂದು ದೊಡ್ಡ ಗುಂಡಿ ತೋಡಿಸಿದರೆ ಗುಂಡಿ ಮಾತ್ರ ಉಳಿಯುತ್ತದೆ.

ಇಲ್ಲಿ ಎರಡು ಊರಿನ ಸಂಗತಿ ಹೇಳುತ್ತೇನೆ. ಕುಣಿಗಲ್ ಸೀಮೆಯ ಪುರ ಎಂಬ ಹಳ್ಳಿಯಲ್ಲಿ ಅಸ್ತ್ರದವರು ಊರಿಗೆಲ್ಲ ಸೇರಿ ಒಂದು ದೊಡ್ಡ ಗೋಬರ್ ಗ್ಯಾಸು ಮಾಡಿದರು. ಮೊದಲು ಎಲ್ಲರ ಮನೆಗೂ ಅಡಿಗೆಗೆ ಗ್ಯಾಸು ಕೊಡಬೇಕೆಂದಿದ್ದರು. ಸಗಣಿ ಸಾಲದೆ ಹೋಯಿತು. ಆಗ ಹಟ ಹಿಡಿಯದೆ, ಊರವರಿಗೆ ಏನು ಬೇಕೆಂದು ನೋಡಿ, ೧೯೮೭ರಿಂದ ಅದೇ ಗ್ಯಾಸಿನಿಂದ ವಿದ್ಯುತ್ತು ತೆಗೆದು ಕುಡಿಯುವ ನೀರು ಎತ್ತಿದರು, ಮನೆಗಳಿಗೆ ದೀಪ ಕೊಟ್ಟರು. ಸಗಣಿ ತಂದವರಿಗೆ ಸಣ್ಣ ಕೂಲಿಯೂ ಸಿಕ್ಕಿತು, ಬಗ್ಗಡವೂ ವಾಪಸು ಬಂತು. ಹಲವು ವರ್ಷ ಅದು ನಡೆಯಿತು.

ಇನ್ನೊಂದು ಉತ್ತರ ಕನ್ನಡದ ಶಿರಸಿ ಸೀಮೆ. ಅಲ್ಲಿಯ ಸ್ಥಾವರಗಳ ಬಗ್ಗೆ ೨೦೦೧ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಬೇರೆ ಕಡೆ ಕಟ್ಟಿದವು ಕೆಟ್ಟು ಕೂತಿದ್ದಾಗ ಅಲ್ಲಿ ನೋಡಿದವು ಓಡುತ್ತಲೇ ಇದ್ದವು. ಕಾರಣ ಕೇಳಿದರೆ ಬಹಳ ಸರಳ. ಕಟ್ಟುವವರು ಹತ್ತಿರದವರೇ. ಕಟ್ಟಿ ಓಡಿಹೋಗದೆ ಇಂತಿಷ್ಟು ಕಾಲ ರಿಪೇರಿ ನಮ್ಮದು ಎಂದು ಮಾತು ಕೊಡುತ್ತಿದ್ದರು. ಕೆಟ್ಟರೆ ಕರೆದ ಕೂಡಲೆ ಬರುತ್ತಿದ್ದರು.

ನನ್ನದೊಂದು ತಪ್ಪು

ಈಗ ನನ್ನ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಳೆಯ ಗೋಬರ್ ಗ್ಯಾಸು ಸ್ಥಾವರಗಳ ಪಟ್ಟಿ ಹಿಡಿದು ಊರೂರು ಸುತ್ತಿ, ಚಾಲ್ತಿಯಲ್ಲಿವೆಯೋ ಇಲ್ಲವೋ ಬರೆದುಕೊಂಡು ಬಾ ಎಂದು ಕಳಿಸಿದ್ದರು. ಸಂಜೆಯಾಗಿತ್ತು, ಮೋಡ ಕವಿದಿತ್ತು. ಒಂದು ಮನೆಯ ಮುಂದೆ ಬೈಕು ನಿಲ್ಲಿಸಿ, ಹಿತ್ತಲ ಕಡೆ ಗುಮ್ಮಟ ಕಂಡಿತೆಂದು, ಇಳಿಯದೆಯೇ ಚಾಲ್ತಿಯಲ್ಲಿದೆ ಎಂದು ಗುರುತು ಹಾಕಿಬಿಟ್ಟೆ.

ಮೂರು ವರ್ಷದ ಮೇಲೆ ಬೇರೆ ಕೆಲಸಕ್ಕೆ ಅದೇ ಮನೆಗೆ ಹೋದೆ. ಮನೆಯಾಕೆ ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಗುಮ್ಮಟದ ಮೇಲೆ ಹೀರೆ ಬಳ್ಳಿ ಹಬ್ಬಿತ್ತು. “ನೀವು ಅವತ್ತು ರಸ್ತೆಯಲ್ಲಿ ನಿಂತು ಬರೆದುಕೊಂಡು ಹೋದಿರಿ. ಆಗಲೇ ಇದು ಕೆಟ್ಟಿತ್ತು. ಒಂದು ಪೈಪು, ಒಂದು ನಲ್ಲಿ ಹಾಕಿದ್ದರೆ ಆಗುತ್ತಿತ್ತು. ಚಾಲ್ತಿಯಲ್ಲಿದೆ ಅಂತ ಬರೆದಿದೆ, ರಿಪೇರಿ ಯಾತಕ್ಕೆ ಅಂತ ಕೇಳಿದರು” ಅಂದಳು. ಬೈಯಲಿಲ್ಲ, ಸುಮ್ಮನೆ ಹೇಳಿದಳು. ಅಷ್ಟರಲ್ಲಿ ಎರಡು ಎಮ್ಮೆ ಮಾರಿದ್ದರು. ಮತ್ತೆ ಚಾಲೂ ಮಾಡೋಣವೆಂದರೆ ಸಗಣಿಯೇ ಸಾಲದು. ಒಳಗೆ ಬಾಣಂತಿ ಸೊಸೆ ಸೌದೆ ಒಲೆಯ ಮುಂದೆ ಕೂತು ಊದುತ್ತಿದ್ದಳು. ಮಗು ಪಕ್ಕದಲ್ಲಿ ಮಲಗಿತ್ತು.

ಆ ಮನೆಯ ಮೂರು ವರ್ಷದ ಹೊಗೆ ನನ್ನ ಒಂದು ಗುರುತಿನಿಂದ ಆದದ್ದು. ಅಂದಿನಿಂದ ನಾನು ಒಲೆ ಹಚ್ಚಿಸಿ ನೋಡದೆ ಚಾಲ್ತಿ ಎಂದು ಬರೆಯುವುದಿಲ್ಲ. ನೀವೂ ಬರೆಯಗೊಡಬೇಡಿ. ಯಾವ ಅಧಿಕಾರಿ ಬಂದರೂ ಒಳಗೆ ಕರೆಯಿರಿ. ಕೆಟ್ಟಿದ್ದರೆ ಕೆಟ್ಟಿದೆ ಎಂದೇ ಬರೆಸಿ.

ಸ್ಥಾವರ ಇರುವವರು ಇನ್ನೊಂದು ನೋಡಿಕೊಳ್ಳಿ. ಕೊಳವೆ ಸೋರುತ್ತಿದ್ದರೆ ಅಲ್ಲಿಂದ ಹೋಗುವುದು ಅದೇ ಮೀಥೇನ್. ಅಡಿಗೆಗೂ ಇಲ್ಲ, ಲೋಕಕ್ಕೂ ಹಾನಿ, ಬೆಂಕಿಯ ಅಪಾಯ ಬೇರೆ. ಕೀಲುಗಳಿಗೆ ಸೋಪಿನ ನೀರು ಹಚ್ಚಿ ನೋಡಿ. ನೊರೆಗುಳ್ಳೆ ಎದ್ದರೆ ಅಲ್ಲಿ ಸೋರುತ್ತಿದೆ ಎಂದು ತಿಳಿಯಿರಿ. ದೀಪ, ಕಡ್ಡಿ ಹಚ್ಚಿ ನೋಡಲೇಬಾರದು. ಗುಂಡಿಯ ಒಳಗೂ ಯಾರೂ ಇಳಿಯಬಾರದು, ಉಸಿರು ಕಟ್ಟುತ್ತದೆ.

ಗದ್ದೆಯ ಗಾಳಿ

ಇನ್ನು ಭತ್ತದ ಗದ್ದೆ. ನೀರು ನಿಂತ ಮಣ್ಣಿಗೆ ಗಾಳಿಯಾಡುವುದಿಲ್ಲ. ಅಲ್ಲಿ ಕೆಲವು ಸೂಕ್ಷ್ಮಜೀವಿಗಳು ಬೇರು, ಕೂಳೆ, ಗೊಬ್ಬರ ತಿಂದು ಮೀಥೇನ್ ಬಿಡುತ್ತವೆ. ಗೋಬರ್ ಗ್ಯಾಸಿನ ಗುಂಡಿಯಲ್ಲಿ ಆಗುವುದೇ ಇಲ್ಲೂ ಆಗುತ್ತದೆ. ಗದ್ದೆಗೆ ಮುಚ್ಚಳ ಇಲ್ಲ, ಅಷ್ಟೆ. ನಡುನಡುವೆ ನೀರು ಇಂಗಲು ಬಿಟ್ಟು ಮಣ್ಣಿಗೆ ಗಾಳಿ ತಗುಲಿಸಿದರೆ ಆ ಜೀವಿಗಳ ಕೆಲಸ ನಿಲ್ಲುತ್ತದೆ.

ಫಿಲಿಪೈನ್ಸಿನಲ್ಲಿರುವ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದಕ್ಕೆ ಒಂದು ಸುಲಭ ಉಪಾಯ ಹೇಳಿಕೊಟ್ಟಿದೆ. ಒಂದಡಿ ಉದ್ದದ, ಅಂಗೈಯಗಲದ ಒಂದು ಪೈಪನ್ನೋ ಬಿದಿರನ್ನೋ ತೆಗೆದುಕೊಳ್ಳಿ. ಅರ್ಧ ಭಾಗಕ್ಕೆ ಸುತ್ತ ತೂತು ಹಾಕಿ. ತೂತಿನ ಭಾಗ ಮಣ್ಣಿನೊಳಗೆ ಹೋಗುವಂತೆ ಬದುವಿನ ಹತ್ತಿರ, ಕೈಗೆಟಕುವಲ್ಲಿ ಊರಿ. ಒಳಗಿನ ಮಣ್ಣು ತೆಗೆಯಿರಿ. ಪೈಪಿನೊಳಗೆ ಬಗ್ಗಿ ನೋಡಿದರೆ ನೆಲದೊಳಗೆ ನೀರು ಎಲ್ಲಿದೆ ಎಂದು ಕಾಣುತ್ತದೆ. ನಾಟಿಯಾಗಿ ಎರಡು ವಾರ ಕಳೆದ ಮೇಲೆ ಈ ಕ್ರಮ ಹಿಡಿಯಿರಿ. ಕಳೆ ಬಹಳವಿದ್ದರೆ ಇನ್ನೂ ಒಂದು ವಾರ ತಡೆಯಿರಿ. ನೀರು ನೆಲಮಟ್ಟದಿಂದ ೧೫ ಸೆಂಟಿಮೀಟರು, ಅಂದರೆ ಸುಮಾರು ಅರ್ಧ ಅಡಿ, ಕೆಳಗಿಳಿದಾಗ ಮತ್ತೆ ಎರಡಂಗುಲ ನೀರು ನಿಲ್ಲಿಸಿ. ಅಲ್ಲಿಯವರೆಗೆ ಬೇಡ. ಹೂ ಬಿಡುವುದಕ್ಕೆ ಒಂದು ವಾರ ಮೊದಲಿನಿಂದ ಒಂದು ವಾರ ಆಮೇಲಿನ ತನಕ ಮಾತ್ರ ನೀರು ಆರಗೊಡಬೇಡಿ. ಆಗ ಒಣಗಿದರೆ ಕಾಳು ಜೊಳ್ಳಾಗುತ್ತದೆ.

ಹೀಗೆ ಮಾಡಿದರೆ ನೀರು ನೂರಕ್ಕೆ ೩೦ರವರೆಗೂ ಉಳಿಯಬಹುದು. ಮೀಥೇನ್ ನೂರಕ್ಕೆ ೩೦ರಿಂದ ೫೦ರಷ್ಟು ಇಳಿಯುತ್ತದೆ. ಕ್ರಮ ತಪ್ಪದಿದ್ದರೆ ಇಳುವರಿಗೆ ಹೊಡೆತವಿಲ್ಲ.

ಇದು ಎಲ್ಲರಿಗೂ ಒಗ್ಗುತ್ತದೆಯೇ? ಇಲ್ಲ. ಕೊಳವೆ ಬಾವಿಯ ನೀರಿನವನಿಗೆ ಒಗ್ಗುತ್ತದೆ. ಬೇಕೆಂದಾಗ ನೀರು ಅವನ ಕೈಯಲ್ಲಿದೆ. ಕಾಲುವೆಯ ಕೊನೆಯವನು, ‘ಈ ಸರದಿ ಬಿಟ್ಟರೆ ಮುಂದಿನ ಸರದಿಗೆ ನೀರು ಬಂದೀತೆ?’ ಎಂದು ಬಂದಷ್ಟನ್ನೂ ತುಂಬಿಕೊಳ್ಳುತ್ತಾನೆ. ಅವನ ತಪ್ಪಲ್ಲ. ಅಲ್ಲಿ ನೀರು ಬಳಕೆದಾರರ ಸಂಘ ಸರದಿಯನ್ನು ಸರಿಯಾಗಿ ನಡೆಸಿದಾಗಲೇ ಇದು ಸಾಧ್ಯ. ಚೌಳು ನೆಲದವರು ಮಾತ್ರ ಕೃಷಿ ಇಲಾಖೆಯವರನ್ನು ಕೇಳದೆ ಇದಕ್ಕೆ ಕೈಹಾಕಬೇಡಿ.

ಬೆಂಕಿ ಮತ್ತು ಮೇವು

ಕೊಯ್ಲಾದ ಮೇಲೆ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಭತ್ತದ ಹುಲ್ಲಿಗೆ, ಕಬ್ಬಿನ ಸೀಮೆಯಲ್ಲಿ ತರಗಿಗೆ ಬೆಂಕಿ ಇಡುವುದನ್ನು ನೋಡಿದ್ದೇನೆ. ಬೆಳಗಾವಿ ಕಡೆ ಆ ತರಗನ್ನು ರವದಿ ಅನ್ನುತ್ತಾರೆ. ಯಂತ್ರದಲ್ಲಿ ಕೊಯ್ದ ಮೇಲೆ ಹುಲ್ಲು ಬಳಿಯಲು ಆಳಿಲ್ಲ, ಮುಂದಿನ ಬೆಳೆಗೆ ಹೊತ್ತಿಲ್ಲ ಎಂಬುದು ನಿಜ. ಆದರೆ ಆ ಬೆಂಕಿಯಿಂದ ಏಳುವುದು ಮಸಿ. ಸುಟ್ಟುಹೋಗುವುದು ನಿಮ್ಮ ನೆಲದ ಸತ್ವ. ಕೂಳೆ ಕಬ್ಬಿನಲ್ಲಿ ತರಗನ್ನು ಸಾಲು ಬಿಟ್ಟು ಸಾಲಿಗೆ ಹಾಸಿ, ಮೇಲೆ ಸಗಣಿ ಬಗ್ಗಡ ಎರಚಿ. ತೇವ ಉಳಿಯುತ್ತದೆ, ಕಳೆ ತಗ್ಗುತ್ತದೆ, ಬರಬರುತ್ತ ಗೊಬ್ಬರವಾಗುತ್ತದೆ. ಭತ್ತದ ಹುಲ್ಲನ್ನು ಮೇವಿಲ್ಲದ ಊರಿನವರು ಕೇಳಿಕೊಂಡು ಬರುತ್ತಾರೆ. ಸುಡುವ ಮೊದಲು ಒಂದು ಮಾತು ವಿಚಾರಿಸಿ.

ದನದ ಹೊಟ್ಟೆಯ ಮೀಥೇನನ್ನು ಪೂರ್ತಿ ನಿಲ್ಲಿಸಲಾಗದು. ಬರಿಯ ಒಣಹುಲ್ಲು ಮೇಯುವ ದನ ಹಾಲು ಕಡಮೆ ಕೊಟ್ಟು ಗಾಳಿ ಹೆಚ್ಚು ಬಿಡುತ್ತದೆ. ಹಸಿರು ಮೇವು, ಹಿಂಡಿ, ಖನಿಜ ಮಿಶ್ರಣ ಕೂಡಿಸಿ ಹದವಾಗಿ ಕೊಟ್ಟರೆ ಒಂದೊಂದು ಲೀಟರು ಹಾಲಿನ ಲೆಕ್ಕಕ್ಕೆ ಮೀಥೇನ್ ಇಳಿಯುತ್ತದೆ, ಹಾಲು ಏರುತ್ತದೆ. ಬೆಂಗಳೂರಿನ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯವರು ಹುಣಿಸೆ ಬೀಜದ ಸಿಪ್ಪೆಯಂಥ ವಸ್ತುವಿನಿಂದಲೇ ಮೀಥೇನ್ ತಗ್ಗಿಸುವ ಮೇವಿನ ಸೇರ್ಪಡೆ ತಯಾರಿಸಿದ್ದಾರೆ. ಪಶುವೈದ್ಯರನ್ನು ಕೇಳಿಯೇ ಇಂಥದ್ದನ್ನು ಕೊಡಬೇಕು.

ಮನೆಯವರು ಮಾಡತಕ್ಕದ್ದು

ಕೊನೆಗೆ ಮನಸ್ಸಿನಲ್ಲಿಡಬೇಕಾದ್ದನ್ನು ಮತ್ತೆ ಹೇಳುತ್ತೇನೆ.

ಒಂದು: ಗ್ಯಾಸು ಇದ್ದರೆ ಮೊದಲು ಮುದ್ದೆ, ಅನ್ನ, ಸಾರಿಗೆ ಬಳಸಿ. ಹೆಚ್ಚು ಹೊತ್ತು ಹೊಗೆ ಕುಡಿಸುವುದು ಆ ಅಡಿಗೆಯೇ. ಸಿಲಿಂಡರಿನ ರೊಕ್ಕವನ್ನು ಹಾಲಿನ ಬಟವಾಡೆಯಿಂದ ವಾರವಾರ ತೆಗೆದಿಡಿ.

ಎರಡು: ಸೌದೆ ಬಿಡಲಾಗದಿದ್ದರೆ ಕೊಳವೆ ಇರುವ ಒಲೆ ಹಾಕಿಸಿ, ಸೌದೆ ಚೆನ್ನಾಗಿ ಒಣಗಿಸಿ, ತಿಂಗಳಿಗೊಮ್ಮೆ ಕೊಳವೆಯ ಮಸಿ ತೆಗೆಯಿರಿ. ಎಳೆ ಮಕ್ಕಳನ್ನು ಒಲೆಯ ಹತ್ತಿರ ಮಲಗಿಸಬೇಡಿ.

ಮೂರು: ನಾಲ್ಕೈದು ದನ ಇದ್ದರೆ ಗೋಬರ್ ಗ್ಯಾಸು ಕಟ್ಟಿಸಿ. ಸಹಾಯಧನದ ದರ ಕಾಲಕಾಲಕ್ಕೆ ಬದಲಾಗುತ್ತದೆ. ಗ್ರಾಮ ಪಂಚಾಯತಿಯಲ್ಲಿ, ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ಕಟ್ಟುವವನಿಂದ ರಿಪೇರಿಯ ಮಾತನ್ನು ಕಾಗದದಲ್ಲಿ ಬರೆಸಿಕೊಂಡೇ ಮುಂಗಡ ಕೊಡಿ.

ನಾಲ್ಕು: ನೀರು ನಿಮ್ಮ ಕೈಯಲ್ಲಿದ್ದರೆ ಈ ಸಲ ಒಂದೇ ಒಂದು ಗದ್ದೆಯಲ್ಲಿ ಪೈಪು ಊರಿ ನೋಡಿ. ಪಕ್ಕದ ಗದ್ದೆಯನ್ನು ಹಳೆಯ ಪದ್ಧತಿಯಲ್ಲೇ ಬಿಡಿ. ಸುಗ್ಗಿಯಲ್ಲಿ ಎರಡನ್ನೂ ಬೇರೆಬೇರ ಅಳೆಯಿರಿ. ನನ್ನ ಮಾತಿಗಿಂತ ನಿಮ್ಮ ಕೊಳಗದ ಲೆಕ್ಕ ದೊಡ್ಡದು.

ಐದು: ಹುಲ್ಲು, ತರಗಿಗೆ ಬೆಂಕಿ ಬೇಡ.

ಆರು: ಸರ್ಕಾರ ಕೊಟ್ಟ ವಸ್ತು ಕೆಟ್ಟಾಗ ನಾಚಿಕೆಯಿಂದಲೋ, ಯಾರು ಹೋಗಿ ಹೇಳಬೇಕೆಂದೋ ಸುಮ್ಮನಿರಬೇಡಿ. ಗ್ರಾಮಸಭೆಯಲ್ಲಿ ಎದ್ದು ಹೇಳಿ, ನಡವಳಿಯಲ್ಲಿ ಬರೆಸಿ. ಈ ಕೆಲಸವನ್ನು ಹೆಂಗಸರೇ ಮಾಡಿದರೆ ಇನ್ನೂ ಒಳ್ಳೆಯದು. ಹೊಗೆ ಕುಡಿಯುವವರು ಅವರೇ ತಾನೆ?

ಈ ಮಾಲಿನ್ಯಗಳಿಗೆ ಆಯುಷ್ಯ ಕಡಮೆ. ಇವತ್ತು ನಿಲ್ಲಿಸಿದ ಮಸಿ ತಿಂಗಳೊಳಗೆ ಗಾಳಿಯಿಂದ ಇಳಿದಿರುತ್ತದೆ. ಇವತ್ತು ತಡೆದ ಮೀಥೇನಿನ ಫಲ ಇವತ್ತಿನ ಕೂಸು ಹೈಸ್ಕೂಲು ಮುಗಿಸುವ ಹೊತ್ತಿಗೆ ಕಾಣುತ್ತದೆ. ನಮ್ಮ ಕಾಲದಲ್ಲೇ ನೆಟ್ಟು ನಮ್ಮ ಕಾಲದಲ್ಲೇ ಹಣ್ಣು ತಿನ್ನುವ ಮರ ಇದು. ಮುಂದಿನ ಹಬ್ಬಕ್ಕೆ ಅಡಿಗೆಮನೆಯ ಇಲ್ಲಣ ಕೆಡವುವಾಗ ಎಷ್ಟು ಬಿತ್ತು ಎಂದು ನೋಡಿಟ್ಟುಕೊಳ್ಳಿ. ಅದರ ಮುಂದಿನ ಹಬ್ಬಕ್ಕೆ ಮತ್ತೆ ನೋಡಿ. ಕಡಮೆಯಾಗಿದ್ದರೆ ನಿಮ್ಮ ಮನೆಯಲ್ಲಿ ಕೆಲಸ ನಡೆದಿದೆ ಎಂದು ತಿಳಿಯಿರಿ. ಕಡಮೆಯಾಗದಿದ್ದರೆ ನನ್ನಂಥವನನ್ನು ಕರೆಯಿಸಿ, ಒಲೆಯ ಮುಂದೆ ಕೂರಿಸಿ, ಕಾರಣ ಕೇಳಿ.